ಓಡಬಾರದ ಗಂಟೆ

ಶಾಸನಸಭೆ, ಮೆಲ್ಬರ್ನ್
೧೪ ಅಕ್ಟೋಬರ್ ೧೯೫೩

ಪ್ರೀತಿಯ ಕ್ಲಾರೀ, ಮುದಿ ಗೂಬೆ,

ಡಲ್ಸಿ ಅತ್ತಿಗೆ ಇದನ್ನು ಓದಿ ಹೇಳುವಾಗ ನಗಬೇಡ. ನಕ್ಕರೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಅವರು ನನ್ನನ್ನೇ ಬೈಯುತ್ತಾರೆ.

ಇಪ್ಪತ್ತು ವರ್ಷ ನಿನ್ನ ಪಕ್ಕ ಬಂಡೆ ಒಡೆದವನು ಈಗ ಶಾಸಕನಾಗಿ ಮಂಡೆ ಒಡೆದುಕೊಳ್ಳುತ್ತಿದ್ದೇನೆ. ಇಲ್ಲಿ ಕುರ್ಚಿ ಮೆತ್ತಗೆ, ಮಾತು ಮೆತ್ತಗೆ, ಕತ್ತು ಕೊಯ್ಯುವುದೂ ಮೆತ್ತಗೆ. ಕ್ವಾರಿಯ ಧೂಳು ಕುಡಿದು ನಿನ್ನಂತೆ ಎದೆ ಕೆಟ್ಟವರಿಗೆ ಪರಿಹಾರ ಕೊಡುವ ನಮ್ಮ ಮಸೂದೆ ಇಂದು ಮತಕ್ಕೆ ಬರುತ್ತದೆ. ನಮ್ಮ ಕಡೆಯವರು ಕೂತಲ್ಲೇ ಕೂತರೆ ಸಾಕು, ತಲೆ ಎಣಿಸುತ್ತಾರೆ. ಆದರೆ ಎರಡೂ ಕಡೆ ತಲೆ ಹೆಚ್ಚುಕಡಿಮೆ ಸಮ. ನನಗೆ ಎದುರಾಳಿಗಳ ಭಯವಿಲ್ಲ, ನನ್ನ ಕಾಲಿನದೇ ಭಯ.

ಇಲ್ಲಿ ಮತಕ್ಕೆ ಮುಂಚೆ ಗಂಟೆ ಬಾರಿಸುತ್ತಾರೆ. ಹೊರಗಿದ್ದವರು ಒಳಗೆ ಓಡಿ ಬರಬೇಕು, ಆಮೇಲೆ ಬಾಗಿಲಿಗೆ ಬೀಗ. ಹೋದ ವಾರ ನಾಯಿ ಲೈಸೆನ್ಸಿನ ಮಸೂದೆಗೆ ಗಂಟೆ ಬಾರಿಸಿದ್ದೇ ತಡ, ನಾನು "ಮದ್ದು! ಓಡ್ರೋ!" ಎಂದು ಕಿರುಚಿ, ಒಳಗೆ ಬರುತ್ತಿದ್ದ ಮಂತ್ರಿಯೊಬ್ಬರನ್ನು ಕೆಡವಿ, ತೋಟದ ಗುಲಾಬಿ ಗಿಡದ ಹಿಂದೆ ಬೋರಲು ಮಲಗಿದ್ದೆ. ಬಾಗಿಲು ಕಾಯುವ ಪ್ಯಾಸ್ಕೋ ಬಂದು, "ಎದ್ದ್ ಬನ್ನಿ ಸಾರ್, ಮಸೂದೆ ಬಿತ್ತು, ನಾಯಿಗಳು ಗೆದ್ವು" ಎಂದ.

ಅಂದಿನಿಂದ ನಿನ್ನದೇ ನೆನಪು. ಕ್ವಾರಿಯಲ್ಲಿ ಮದ್ದು ಸಿಡಿಯುವ ಮೊದಲು ಗಂಟೆ ಬಾರಿಸುತ್ತಿದ್ದವನು ನೀನು. ನಾವೆಲ್ಲ ಶೆಡ್ಡಿನ ಹಿಂದೆ ಅಡಗಿ, "ಬಾರೋ ಕ್ಲಾರೀ, ಸಾಯ್ತೀಯ!" ಎಂದು ಕೂಗಿದರೆ, ನೀನು "ಮುಚ್ರೋ ಬಾಯಿ, ತಲೆ ಎಣಿಸ್ತಿದೀನಿ!" ಎನ್ನುತ್ತಿದ್ದೆ. ಕೊನೆಯ ತಲೆ ಯಾವಾಗಲೂ ನಿನ್ನದೇ. ಬಿಳಿ ಧೂಳಿನ ಮೋಡದೊಳಗಿಂದ ಹೊರಬಂದು, ಹುಬ್ಬು ಕೊಡವಿಕೊಂಡು, ತಗಡಿನ ಡಬ್ಬಿಯಲ್ಲಿ ಕುದಿಸಿದ ಚಹಾಕ್ಕೆ ಮಾತ್ರ ಮೊದಲು ಕೈ ಚಾಚುತ್ತಿದ್ದೆ. ಆ ಹೊಗೆವಾಸನೆ ಇಲ್ಲಿನ ಪಿಂಗಾಣಿ ಕಪ್ಪಿಗೆ ಎಲ್ಲಿಂದ ಬರಬೇಕು? ಆ ಮೋಡವನ್ನು ನಮ್ಮೆಲ್ಲರಿಗಿಂತ ಹೆಚ್ಚು ಕುಡಿಯುತ್ತಿದ್ದವನು ನೀನೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಇವತ್ತು ಬೂಟಿನ ಲೇಸನ್ನು ಬೆಂಚಿನ ಕಾಲಿಗೆ ಬಿಗಿದು ಕೂತಿದ್ದೇನೆ. ಗಂಟಿನ ಮೇಲೆ ಗಂಟು. ಬಾರಿಸಲಿ ಗಂಟೆ.

ನಿನ್ನ
ಆಲ್ಫ್

ತಾ.ಕ.: ಗಂಟೆ ಬಾರಿಸಿದರು. ಕಾಲು ಎದ್ದಿತು, ಬೂಟು ಬಿಡಲಿಲ್ಲ. ಮಸೂದೆ ಗೆದ್ದಿತು ಕಣೋ! ಎಲ್ಲರೂ ಚಹಾಕ್ಕೆ ಹೋದರು. ಗಂಟು ಬಿಚ್ಚಲಾಗದೆ ನಾನೊಬ್ಬನೇ ಉಳಿದೆ. ಪ್ಯಾಸ್ಕೋ ಇಣುಕಿ, "ಇನ್ನೂ ಯಾಕ್ ಕೂತಿದೀರಾ ಸಾರ್?" ಎಂದ.

"ತಲೆ ಎಣಿಸ್ತಿದೀನಿ," ಎಂದೆ. "ಒಂದು ಕಡಿಮೆ ಬರ್ತಿದೆ."