ಹನ್ನೆರಡು ನಿಮಿಷ ಮುಂಚೆ ಬಾರಿಸಿದ ಗಂಟೆ

ಪ್ರಿಯ ಐನೊ,

ಈ ಲಕೋಟೆ ಕೈಗೆ ಬಂದ ಕೂಡಲೇ ನೀನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೀಯ, ನನಗೆ ಗೊತ್ತು. ಒಳಗೊಂದು ಹಿತ್ತಾಳೆಯ ತುಂಡಿದೆ. ಅದೇನೆಂದು ಕೊನೆಗೆ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡವನಿಗೆ ಇನ್ನೆರಡು ಪುಟ ತಡೆಯುವುದು ಕಷ್ಟವಲ್ಲ.

ನಮ್ಮ ಇಂಜಿನಿಯರುಗಳ ಕ್ಲಬ್ಬು ಇನ್ನೂ ಇದೆ. ತಿಂಗಳ ಎರಡನೆಯ ಗುರುವಾರ, ಅದೇ ಹೋಟೆಲಿನ ಹಿಂಬದಿಯ ಸಭಾಂಗಣ, ಅದೇ ಮಡಚುವ ಕುರ್ಚಿಗಳು, ಅದೇ ಆಲೂಗಡ್ಡೆ ಮತ್ತು ಯಾರೂ ಪೂರ್ತಿ ತಿನ್ನದ ಹಸಿರು ಜೆಲ್ಲಿ. ಬಡಿಸುವ ಆರ್ಡಿಸ್‌ಗೆ ಎಪ್ಪತ್ತು ದಾಟಿದೆ. "ಸೇತುವೆ ಕಟ್ತಾರಂತೆ ಸೇತುವೆ, ತಿಂದ ತಟ್ಟೆ ಎತ್ತಿಡೋಕೆ ಬರಲ್ಲ" ಎಂದು ಬೈಯುವುದನ್ನು ಮಾತ್ರ ಬಿಟ್ಟಿಲ್ಲ. ಹನ್ನೆರಡು ಇಪ್ಪತ್ತಕ್ಕೆ ಭಾಷಣ ಶುರು, ಹನ್ನೆರಡು ಐವತ್ತೈದಕ್ಕೆ ಗಂಟೆ. ಒಂದು ಗಂಟೆಗೆ ಎಲ್ಲರೂ ಕೆಲಸದ ಮೇಜಿಗೆ ವಾಪಸಾಗಬೇಕಲ್ಲ. ವಾಕ್ಯ ಅರ್ಧದಲ್ಲಿರಲಿ, ಗಂಟೆ ಬಾರಿಸಿತೆಂದರೆ ಭಾಷಣಕಾರ ನಿಲ್ಲಿಸಬೇಕು, ನಾವು ಚಪ್ಪಾಳೆ ತಟ್ಟಿ ಏಳಬೇಕು. ನಮ್ಮ ಕ್ಲಬ್ಬಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇಲ್ಲ. ಆ ಗಂಟೆ ಇವತ್ತಿಗೂ ನನ್ನ ಸುಪರ್ದಿಯಲ್ಲೇ ಇದೆ.

ನಾವಿಬ್ಬರೂ ಒಂದೇ ಕಚೇರಿಯಲ್ಲಿದ್ದಾಗ, ಶಾಲೆಯ ಊಟದ ಕೋಣೆಯ ಚಾವಣಿ ಎಷ್ಟು ಭಾರ ತಡೆಯಬೇಕೆಂಬ ಲೆಕ್ಕ ನೀನು ಮಾಡಿದ್ದೆ. ನಾನು ಪರಿಶೀಲಿಸಬೇಕಿತ್ತು. ಪರಿಶೀಲನೆ ಎಂದರೆ ನಮ್ಮ ವೃತ್ತಿಯಲ್ಲಿ ಏನೆಂದು ನಿನಗೆ ಹೇಳಬೇಕೆ? ಇನ್ನೊಬ್ಬನ ಹಾಳೆ ಮುಚ್ಚಿಟ್ಟು, ಮೊದಲಿಂದ ನಾವೇ ಲೆಕ್ಕ ಹಾಕಿ, ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ನಾನು ನಿನ್ನ ಹಾಳೆಯನ್ನು ಕಾದಂಬರಿ ಓದಿದ ಹಾಗೆ ಓದಿದೆ. ಎಷ್ಟು ಚೆಂದದ ಅಕ್ಷರ ನಿನ್ನದು! ಸಾಲು ಸಾಲಿಗೂ ಕೆಂಪು ಪೆನ್ಸಿಲಿನಿಂದ ಸರಿ ಎಂದು ಗುರುತು ಹಾಕುತ್ತಾ ಹೋದೆ. ಆ ತಗ್ಗು ಚಾವಣಿಯ ಪಕ್ಕದಲ್ಲೇ ಒಳಾಂಗಣ ಆಟದ ಕಟ್ಟಡದ ಎತ್ತರದ ಗೋಡೆ ಇತ್ತು. ಗಾಳಿ ಬೀಸಿದರೆ ಹಿಮವೆಲ್ಲ ಬಂದು ಚಾವಣಿಯ ಮೇಲೆ ಆ ಗೋಡೆಯ ಬುಡದಲ್ಲೇ ರಾಶಿ ಬೀಳುತ್ತದೆ ಎಂಬುದು ನಿನ್ನ ಲೆಕ್ಕದಲ್ಲಿ ಇರಲಿಲ್ಲ. ನಾನು ಲೆಕ್ಕವನ್ನೇ ಮಾಡದ್ದರಿಂದ ನನಗೂ ಹೊಳೆಯಲಿಲ್ಲ.

ಕಟ್ಟಡ ಮುಗಿದ ಮೊದಲ ಚಳಿಗಾಲದಲ್ಲೇ ನೀನು ಚಾವಣಿ ಹತ್ತಿ ನೋಡಿದೆ. ಎದೆಮಟ್ಟ ಹಿಮ. ನೇರ ನನ್ನ ಮೇಜಿಗೆ ಬಂದು ಕೇಳಿದೆ: "ಲೈಲ್, ನಿಜ ಹೇಳು. ನೀನು ಲೆಕ್ಕ ಮಾಡಿದ್ಯೋ, ಇಲ್ಲ ನನ್ನ ಲೆಕ್ಕ ಓದಿದ್ಯೋ?"

"ಮಾಡ್ದೆ ಕಣೋ, ಸರಿಯಾಗೇ ಇದೆ" ಎಂದೆ. ಆಗ ಮನೆಯಲ್ಲಿ ಎರಡನೆಯ ಮಗು ಹುಟ್ಟಿತ್ತು, ಕಚೇರಿಯಲ್ಲಿ ಪಾಲುದಾರನಾಗುವ ಮಾತು ನಡೆದಿತ್ತು. ಇವೆಲ್ಲ ಕಾರಣಗಳೇ ಅಲ್ಲ ಎಂದು ಈಗ ಗೊತ್ತು.

ಫೆಬ್ರವರಿಯ ಗುರುವಾರ ನಿನ್ನ ಭಾಷಣವಿತ್ತು. 'ಹಿಮದ ಭಾರ' ಎಂಬ ಶೀರ್ಷಿಕೆ ನೋಡಿಯೂ ನಾನು ಅನುಮಾನಪಡಲಿಲ್ಲ. ನೀನು ಪರದೆಯ ಮೇಲೆ ಆ ಗೋಡೆಯ ಚಿತ್ರ ತೋರಿಸಿ, "ಈ ಚಾವಣಿ ಲೆಕ್ಕ ನಂದೇ. ಅದ್ರಲ್ಲಿ ಒಂದು..." ಎಂದೆ. ನನ್ನ ಕೈ ಗಂಟೆ ಬಾರಿಸಿತು. ಹನ್ನೆರಡು ನಲವತ್ತಮೂರಕ್ಕೆ.

ಆಮೇಲೆ ನಡೆದದ್ದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸಭಾಂಗಣದಲ್ಲಿ ಮೂವತ್ತೆಂಟು ಇಂಜಿನಿಯರುಗಳು, ಎಲ್ಲರ ಕೈಯಲ್ಲೂ ಗಡಿಯಾರ. ಹಲವರು ನೋಡಿಕೊಂಡರು ಕೂಡ. ಆದರೆ ಒಬ್ಬರೂ ಗಂಟೆ ತಪ್ಪೆನ್ನಲಿಲ್ಲ. ರಸ್ತೆ ವಿಭಾಗದ ಹಾರ್ಲನ್ "ಥೂ, ಇದು ಮತ್ತೆ ಹಿಂದೆ ಬಿತ್ತಲ್ಲ" ಎಂದು ತನ್ನ ಗಡಿಯಾರದ ಮುಳ್ಳನ್ನೇ ಮುಂದಕ್ಕೆ ತಿರುಗಿಸಿಕೊಂಡ. ಇನ್ನಿಬ್ಬರು ಅವನನ್ನು ನೋಡಿ ತಾವೂ ತಿರುಗಿಸಿಕೊಂಡರು. ಚಪ್ಪಾಳೆ ಬಿತ್ತು, ಕುರ್ಚಿಗಳು ಮಡಚಿಕೊಂಡವು. ನೀನು ಮಾತ್ರ ನಿನ್ನ ಗಡಿಯಾರ ನೋಡಿ, ನನ್ನನ್ನು ನೋಡಿದೆ.

ನೀನು ಶಾಲೆಯ ಮಂಡಳಿಗೂ ಬರೆದೆ. ಅವರು ನಮ್ಮ ಕಚೇರಿಯನ್ನು ಕೇಳಿದರು. ಕೆಂಪು ಗುರುತಿನ ಹಾಳೆಯನ್ನು ಅವರ ಮುಂದಿಟ್ಟವನು ನಾನೇ. "ಐನೊಗೆ ಇತ್ತೀಚೆಗೆ ತಲೆ ಸರಿ ಇಲ್ಲ, ಪಾಪ" ಎಂದವನೂ ನಾನೇ. ಆ ಮಾತು ನಿನ್ನ ಕಿವಿಗೆ ಬಿದ್ದಿತ್ತೋ ಇಲ್ಲವೋ ಗೊತ್ತಿಲ್ಲ. ಮಾರ್ಚಿನಲ್ಲಿ ನೀನು ಮನೆ ಖಾಲಿ ಮಾಡಿಕೊಂಡು, ಹಿಮವೇ ಬೀಳದ ಕ್ಯಾಲಿಫೋರ್ನಿಯಾದ ಕರಾವಳಿಗೆ ಹೊರಟುಹೋದೆ.

ನೀನು ಹೋದೆ, ನಾನು ಇಲ್ಲೇ ಸಿಕ್ಕಿಹಾಕಿಕೊಂಡೆ. ನೀನು ಹೊರಟ ದಿನ ಸಂಜೆಯೇ ಲೆಕ್ಕ ಮಾಡಿದೆ, ಕೊನೆಗೂ ನಾನೇ, ಮೊದಲಿಂದ. ನೀನು ಹೇಳಿದ್ದೇ ಸರಿ, ಅಷ್ಟು ಹಿಮ ಕೂತರೆ ಆ ಚಾವಣಿ ಕುಸಿಯಬಹುದು. ಅಂದಿನಿಂದ ಒಂದು ಚಳಿಗಾಲವೂ ಈ ಊರು ಬಿಟ್ಟು ಹೊರಗೆ ಹೋಗಿಲ್ಲ. ಶಾಲೆಯ ಜವಾನ ಡೆಲ್ಬರ್ಟ್‌ಗೆ "ಗೋಡೆ ಬುಡದಲ್ಲಿ ನೀರು ಸೋರುತ್ತೆ, ಹಿಮ ಎತ್ತಿಹಾಕು" ಎಂದು ಸುಳ್ಳು ಹೇಳಿ, ಪ್ರತಿ ಸಲ ಹಿಮ ಬಿದ್ದಾಗಲೂ ಅವನ ಜೊತೆ ನಾನೂ ಸಲಿಕೆ ಹಿಡಿದು ಏಣಿ ಹತ್ತಿದ್ದೇನೆ. "ಇಪ್ಪತ್ತು ವರ್ಷ ಆಯ್ತು, ಒಂದು ಹನಿ ಸೋರಿದ್ದು ನಾ ಕಾಣೆ ಸ್ವಾಮಿ" ಎಂದು ಅವನು ನಗುತ್ತಿದ್ದ. ಮಗಳು ಹೆರಿಗೆಗೆ ಕರೆದದ್ದು ಜನವರಿಯಲ್ಲಿ. ವರ್ನಾ ಒಬ್ಬಳೇ ಹೋಗಿಬಂದಳು. "ನೀನು ಈ ಊರಿನ ಹಿಮಾನೇ ಕಟ್ಕೊಂಡಿದೀಯ, ನಾನು ಬರೀ ಅಡುಗೆಯವಳು" ಎನ್ನುತ್ತಾಳೆ ನನ್ನ ಹೆಂಡತಿ. ಅವಳಿಗೂ ಹೇಳಿಲ್ಲ. ನಾವು ಹೋಟೆಲಿನಲ್ಲಿ ಊಟಕ್ಕೆ ಕೂರುವ ಹೊತ್ತಿಗೇ ಇನ್ನೂರು ಮಕ್ಕಳು ಆ ಚಾವಣಿಯ ಕೆಳಗೆ ಊಟಕ್ಕೆ ಕೂರುತ್ತಾರೆ. ಎಷ್ಟೋ ಗುರುವಾರ ಕಿಟಕಿಯಾಚೆ ಹಿಮ ನೋಡುತ್ತಾ ತಟ್ಟೆಯನ್ನು ಹಾಗೇ ಸರಿಸಿಟ್ಟಿದ್ದೇನೆ.

ಡೆಲ್ಬರ್ಟ್ ಜೂನಿನಲ್ಲಿ ನಿವೃತ್ತನಾದ. ಹೋದ ವಾರ ಮೊದಲ ಹಿಮ ಬಿತ್ತು. ಅರವತ್ತಮೂರರ ಮಂಡಿ ಏಣಿಯ ನಾಲ್ಕನೆಯ ಮೆಟ್ಟಿಲಲ್ಲೇ ಕೈಕೊಟ್ಟಿತು. ಕೆಳಗೆ ಕೂತುಬಿಟ್ಟೆ. ಇನ್ನು ಈ ಸುಳ್ಳನ್ನು ಹೊರುವ ಶಕ್ತಿ ನನಗಿಲ್ಲ ಎನ್ನಿಸಿತು. ಎದ್ದು ಒಳಗೆ ಹೋಗಿ ಮುಖ್ಯಸ್ಥೆಗೆ ಚಾವಣಿಯ ವಿಷಯ ಹೇಳಿದೆ. ಅರ್ಧ ಗಂಟೆಯಲ್ಲಿ ಕೋಣೆಗೆ ಬೀಗ ಬಿತ್ತು. ಮಕ್ಕಳು ಈಗ ತರಗತಿಯಲ್ಲೇ ಉಣ್ಣುತ್ತಿದ್ದಾರೆ. ಬಿಡುಗಡೆಯಾಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಆಕೆ ಕೇಳಿದರು: "ನಿಮಗೆ ಇದು ಯಾವಾಗಿಂದ ಗೊತ್ತು?"

"ಈಗೀಗ" ಎಂದೆ.

ನೋಡು ಐನೊ, ಬಾಗಿಲು ತೆರೆದಿದ್ದರೂ ಒಳಗೇ ಉಳಿದೆ. ಊರೆಲ್ಲ ನನ್ನನ್ನು ಹೊಗಳುತ್ತಿದೆ. ಬರುವ ಗುರುವಾರ ಕ್ಲಬ್ಬಿನಲ್ಲಿ ನನ್ನದೇ ಭಾಷಣ, ನನಗೆ ಸನ್ಮಾನವಂತೆ. ಅಲ್ಲಿ ನಿನ್ನ ಹೆಸರು ಹೇಳಬೇಕು, ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು ಎನ್ನಬೇಕು, ವರ್ನಾಳನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ. ನನ್ನ ಹೇಡಿತನ ನನಗೆ ಚೆನ್ನಾಗಿ ಗೊತ್ತು. ಎರಡು ವಾಕ್ಯದಾಚೆ ನಾಲಗೆ ಒಣಗುತ್ತದೆ, ಕೈ ತಾನಾಗಿ ಗಂಟೆಗೆ ಹೋಗುತ್ತದೆ, ಅವರೂ ಮತ್ತೆ ಗಡಿಯಾರ ತಿರುಗಿಸಿಕೊಂಡು ಎದ್ದುಬಿಡುತ್ತಾರೆ.

ಅದಕ್ಕೇ ಇವತ್ತು ಗಂಟೆಯೊಳಗೆ ಬಡಿಯುವ ನಾಲಗೆಯನ್ನು ತಿರುಪು ಬಿಚ್ಚಿ ತೆಗೆದಿದ್ದೇನೆ. ಲಕೋಟೆಯಲ್ಲಿರುವುದು ಅದೇ. ಅದು ನಿನ್ನ ಕೈಗೆ ಸೇರುವ ಹೊತ್ತಿಗೆ ಗುರುವಾರ ಕಳೆದಿರುತ್ತದೆ. ನಾನು ಹೇಳಿದೆನೋ ಇಲ್ಲವೋ ಎಂದು ಹಾರ್ಲನ್‌ಗೆ ಫೋನ್ ಮಾಡಿ ಕೇಳು. ನನ್ನನ್ನು ಕೇಳಬೇಡ, ನನ್ನ ಮಾತನ್ನು ಪರಿಶೀಲಿಸದೆ ನಂಬಬೇಡ.

ನಿನ್ನ ಕರಾವಳಿಯ ಬಿಸಿಲು ನಿನ್ನನ್ನು ಬೆಚ್ಚಗಿಡಲಿ ಗೆಳೆಯ.

ನಿನ್ನ ಲೆಕ್ಕವನ್ನು ಬರೀ ಓದಿದವನು,
ಲೈಲ್