ಎರಡು ಹೊಲಿಗೆ ಕೂಡುವಲ್ಲಿ

ಸಿಂದಗಿ
೧೨ ಜನವರಿ ೧೯೭೮

ನನ್ನ ಬಾನು,

ಪುಣೆಯಿಂದ ನೀನು ಬರೆದ ಪತ್ರ ಸೋಮವಾರ ಬಂತು. ಎಂದಿನಂತೆ ನಿಮ್ಮ ಮನೆಗೆ ಹೋಗಿ ಅಮ್ಮಿಗೆ ಓದಿ ಹೇಳಿದೆ. ಅವರು ಅಂಗಳದಲ್ಲಿ ಹಳೆ ಸೀರೆಗಳ ಕೌದಿ ಹರವಿಕೊಂಡು ಹೊಲಿಯುತ್ತಿದ್ದರು. ಆಲಮೇಲದಿಂದ ನಿನಗೊಂದು ಸಂಬಂಧ ಬಂದಿದೆ. ಈ ವಾರವೇ ಉತ್ತರ ಕೊಡಬೇಕಂತೆ.

"ಸುತ್ತಿ ಬಳಸಿ ಹೇಳಬ್ಯಾಡ ರುಕ್ಮಾ. ದೀಪಾವಳಿ ಪತ್ರದಾಗ ಇನ್ನೂ ಎರಡು ವರ್ಷ ಕೇಳಿದ್ಲಲ್ಲ, ಅಲ್ಲಿ ಏನ್ ಮಾಡಾಕತ್ತಾಳ?" ಎಂದರು ಅಮ್ಮಿ.

ಕವಿತೆ ಓದಿ ಬಿ.ಎ. ಮಾಡಿದವಳು ನಾನು, ನಿನ್ನ ವಿಜ್ಞಾನ ನನಗೆ ದೂರ. ಆದರೆ ನಿನ್ನ ಪತ್ರಗಳನ್ನು ಎರಡೆರಡು ಸಲ ಓದಿದ್ದೆ. ಒಂದು ಪ್ರೋಟೀನಿನಲ್ಲಿ ಸಾವಿರಾರು ಪರಮಾಣುಗಳು; ಎಲ್ಲಕ್ಕೂ ಕ್ವಾಂಟಮ್ ಲೆಕ್ಕ ಹಾಕಿದರೆ ಕಂಪ್ಯೂಟರಿಗೂ ಮುಗಿಯದು. ಬಂಧ ಮುರಿದು ಕೂಡುವ ಪುಟ್ಟ ಜಾಗಕ್ಕಷ್ಟೇ ಆ ಸೂಕ್ಷ್ಮ ಲೆಕ್ಕ, ಸುತ್ತಲಿನದಕ್ಕೆ ಪರಮಾಣುವನ್ನು ಗುಂಡು, ಬಂಧವನ್ನು ಸ್ಪ್ರಿಂಗ್ ಎಂದುಕೊಳ್ಳುವ ಹಳೆಯ ಸರಳ ಲೆಕ್ಕ. ಹೇಗೆ ಹೇಳಲಿ ಎಂದು ಕೌದಿಯನ್ನೇ ನೋಡುತ್ತಿದ್ದೆ. ಬೇಗ ಸವೆಯುವ ಕಡೆ ಸಣ್ಣ ಹೊಲಿಗೆ, ಉಳಿದೆಡೆ ಉದ್ದ ಹೊಲಿಗೆ.

"ಇದನ್ನ ಮಾಡಾಕತ್ತಾಳ್ರಿ," ಎಂದೆ. "ಎಲ್ಲಾ ಕಡೆ ಸಣ್ಣ ಹೊಲಿಗಿ ಹಾಕಿದ್ರ ಮುಗಿಯಂಗಿಲ್ಲ. ಎಲ್ಲಾ ಕಡೆ ಉದ್ದ ಹಾಕಿದ್ರ ಹರೀತೈತಿ."

"ಇಷ್ಟಕ್ಕ ಪುಣೇಕ ಹೋಗಬೇಕಿತ್ತೇನು? ನಾನ ಕಲಸ್ತಿದ್ದೆ!" ಎಂದು ಅಮ್ಮಿ ನಕ್ಕರು. ಆಮೇಲೆ ಕೌದಿಯನ್ನು ಜಗ್ಗಿ ನೋಡಿ, "ಆ ಎರಡೂ ಹೊಲಿಗಿ ಕೂಡ್ತಾವಲ್ಲ, ಅಲ್ಲೇ ಮೊದಲ ಹರಿಯೂದು. ಅಲ್ಲಿ ಆಕಿ ಏನ್ ಮಾಡ್ತಾಳ?" ಎಂದರು.

ಎರಡು ಲೆಕ್ಕ ಕೂಡುವ ಗಡಿಯಲ್ಲೇ ಉತ್ತರ ಕೆಡುತ್ತಿದೆ, ಎಂಟು ತಿಂಗಳಿಂದ ಅಲ್ಲೇ ಸಿಕ್ಕಿಕೊಂಡಿದ್ದೇನೆ ಎಂದು ನೀನು ಬರೆದಿದ್ದೆಯಲ್ಲ!

"ಅದಕ್ಕ ಎರಡು ವರ್ಷ ಬೇಕ್ರಿ," ಎಂದೆ.

ಅಮ್ಮಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟರು. "ಖರೇ ಐತಿ. ನಾನೂ ಅಲ್ಲಿ ಎರಡೂ ಹೊಲಿಗಿ ಒಂದು ಗೇಣು ಒಂದರ ಮ್ಯಾಲೊಂದು ಹಾಯಿಸ್ತೇನಿ. ಎಷ್ಟು ಸಲ ಬಿಚ್ಚೇನಿ, ಏನ್ ಕೇಳ್ತಿ! ಆಲಮೇಲದವ್ರಿಗೆ ಕಾರ್ಡ್ ಬರಿ. ಎರಡು ವರ್ಷ ತಡಿಯೂದಾದ್ರ ತಡೀಲಿ, ಇಲ್ಲಂದ್ರ ಬ್ಯಾರೆ ಕಡೆ ನೋಡ್ಲಿ."

ಅಲ್ಲೇ ಕೂತು ಬರೆದೆ, ಹೋಗುವ ದಾರಿಯಲ್ಲಿ ಡಬ್ಬಿಗೆ ಹಾಕಿದೆ. ಬಾನು, ಆ ಗಡಿ ನಿನಗೆ ಒಲಿದೇ ಒಲಿಯುತ್ತದೆ. ನನಗೆ ಅನುಮಾನವಿಲ್ಲ.

ಎಂದಿಗೂ ನಿನ್ನ
ರುಕ್ಮವ್ವ

ತಾ.ಕ.: "ನನ್ನಿಂದಾಗದು, ಮಾರ್ಚಿಗೆ ಎಲ್ಲ ಬಿಟ್ಟು ಊರಿಗೆ ಬರುತ್ತೇನೆ, ಅಮ್ಮಿಗೆ ಹೇಳಿಬಿಡು" ಎಂಬ ನಿನ್ನ ಕೊನೆಯ ಸಾಲುಗಳನ್ನು ನಾನು ಓದಲಿಲ್ಲ. ಇಷ್ಟು ವರ್ಷದಲ್ಲಿ ಅಮ್ಮಿಗೆ ಓದದೆ ಬಿಟ್ಟದ್ದು ಅಷ್ಟೇ. ಈಗಲೂ ಓದು ಎಂದರೆ ಓದುತ್ತೇನೆ. ಆದರೆ ಮೊದಲು, ಎರಡು ಹೊಲಿಗೆ ಕೂಡುವಲ್ಲಿ ಏನು ಮಾಡುತ್ತೀ ಎಂದು ಅವರು ಕೇಳಿದ್ದಕ್ಕೆ ಉತ್ತರ ಬರೆ.