ಮೂರು ಗರಿಯ ಟೋಪಿ

ಕಾಗೆಬಂಡೆಯ ಗವಿ,
ಸೆಪ್ಟೆಂಬರ್ ೯, ೧೭೪೬

ನನ್ನ ಮರ್ಸಲಿಗೆ,

ನಾನು ಬದುಕಿದ್ದೇನೆ. ಇಷ್ಟನ್ನು ಓದಿ ಉಸಿರು ಬಿಡು, ಆಮೇಲೆ ಮುಂದಕ್ಕೆ ಓದು.

ಅರ್ಡಲಿ ಕುಲದ ನಾಯಕ ಸಿಕ್ಕಿಬಿದ್ದ, ಶುಕ್ರವಾರ ಕೋಟೆಯಲ್ಲಿ ಗಲ್ಲು ಎಂದು ನಿನಗೆ ಸುದ್ದಿ ಬಂದಿರಬೇಕು. ಜಾರ್ಜ್ ದೊರೆಯ ಕೆಂಪಂಗಿ ಸಿಪಾಯಿಗಳು ಹಿಡಿದದ್ದು ನನ್ನನ್ನಲ್ಲ, ಡೂಗಲ್‌ನನ್ನು. ನಾನು ನಿದ್ದೆಯಲ್ಲಿದ್ದಾಗ ನನ್ನ ಟೋಪಿ ಹಾಕಿಕೊಂಡು ಅವರೆದುರಿಗೇ ಓಡಿದ್ದಾನೆ. ಹದ್ದಿನ ಮೂರು ಗರಿ ನಾಯಕನ ತಲೆಗೆ ಮಾತ್ರ ಎಂಬುದು ಈಗ ಅವರಿಗೂ ಗೊತ್ತು. "ಹೌದು, ನಾನೇ ಟಾರ್ಕಿಲ್, ಏನೀಗ?" ಎಂದನಂತೆ.

ಏಳು ವರ್ಷ ನಾನು ಬೇತಕ್ ಅಮ್ಮನ ಮನೆಯಲ್ಲಿ ಬೆಳೆದವನು, ಅವಳ ಹಾಲನ್ನು ಅವಳ ಮಗ ಡೂಗಲ್‌ನೊಡನೆ ಹಂಚಿಕೊಂಡವನು. ನಾಯಕನ ಮಗು ಒಕ್ಕಲಿನ ಮನೆಯಲ್ಲಿ ಬೆಳೆಯಬೇಕು, ಹಾಲು ಹಂಚಿಕೊಂಡವನು ನಾಯಕನಿಗಾಗಿ ಸಾಯಬೇಕು. ನಮ್ಮ ಹಿರಿಯರ ಕಟ್ಟಳೆ ಅದು. ಮುದುಕ ಲಾಕ್ಲನ್ ನಿನ್ನೆ ಅದನ್ನೇ ಹೇಳಿದ: "ಫ್ರೆಂಚರ ಹಡಗು ಬಂದು ನಿಂತದೆ. ಹತ್ತಿ, ಸಿಂಹಾಸನ ಕಳ್ಕೊಂಡು ಕಡಲಾಚೆ ಇರೋ ನಮ್ಮ ರಾಜನ ಹತ್ರ ಹೋಗು. ಡೂಗಲ್ ಅವನ ಕೆಲಸ ಮಾಡ್ದ, ನಿಂದು ನೀನು ಮಾಡು."

ಇವತ್ತು ಬೇತಕ್ ಅಮ್ಮ ಓಟ್ಸ್ ಹಿಟ್ಟಿನ ಚೀಲ ಹೊತ್ತು ಬೆಟ್ಟ ಹತ್ತಿ ಬಂದಳು. ತಣ್ಣೀರಲ್ಲಿ ಹಿಟ್ಟು ಕಲಸುತ್ತಾ ಬೈದಳು: "ಥೂ, ಎಂಥ ಗಡ್ಡವೋ ಇದು! ಕುರಿ ಕೂಡ ನಿನಗಿಂತ ಚೆನ್ನಾಗದೆ." ಆಮೇಲೆ ಮೆಲ್ಲಗೆ, "ಹಡಗು ಹತ್ತು ಮಗಾ. ಇಬ್ರಿಗೆ ಹಾಲು ಕೊಟ್ಟೆ, ಒಬ್ಬನಾದ್ರೂ ಉಳೀಲಿ" ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ನಾಳೆ ಬೆಳಗ್ಗೆ ನಾನು ಕೋಟೆಗೆ ಇಳಿಯುತ್ತೇನೆ. ಗಲ್ಲಿನ ಉಸ್ತುವಾರಿಗೆ ನಾಳೆ ಅಲ್ಲಿಗೆ ಬರುವ ಕ್ಯಾಪ್ಟನ್ ಹಿಂದೊಮ್ಮೆ ನಮ್ಮ ಮನೆಯಲ್ಲಿ ಜಿಂಕೆ ಮಾಂಸ ಉಂಡವನು, ನನ್ನ ಗುರುತು ಹಿಡಿಯುತ್ತಾನೆ. ಸಾಮಾನ್ಯ ಜನರನ್ನು ಬಿಟ್ಟು ಕಳಿಸುತ್ತಿದ್ದಾರೆ. ಡೂಗಲ್ ಮನೆಗೆ ಬರುತ್ತಾನೆ.

ಜಾರ್ಜ್ ದೊರೆಗೆ ಪ್ರಮಾಣ ಮಾಡು, ಜೀವ ಉಳಿಸಿಕೋ ಎಂದು ನೀನು ಬರೆಯಬೇಡ. ಕಡಲಿನ ಗುರುತಾಗಿ ಇಟ್ಟ ನೀರಿನ ಬಟ್ಟಲ ಮೇಲೆ ಲೋಟ ಹಿಡಿದು ಕಡಲಾಚೆಯ ರಾಜನ ಹೆಸರಲ್ಲಿ ಕುಡಿದ ಬಾಯಿ ಇದು. ಇನ್ನೊಂದು ಹೆಸರು ಇದರಿಂದ ಹೊರಡುವುದಿಲ್ಲ.

ನಮ್ಮ ಮಗ ರಾನಲ್ಡ್‌ನನ್ನು ಈ ಚಳಿಗಾಲದಲ್ಲೇ ಡೂಗಲ್‌ನ ಮನೆಗೆ ಕಳಿಸು. ಅಲ್ಲೇ ಬೆಳೆಯಲಿ. ಆದರೆ ಆ ಮನೆಯ ಮಕ್ಕಳಿಗೆ ಅವನಿಗಾಗಿ ಸಾಯುವ ಪಾಠ ಯಾರೂ ಹೇಳಕೂಡದು. ನಾಯಕನ ಕೊನೆಯ ಅಪ್ಪಣೆ ಇದೆಂದು ಲಾಕ್ಲನ್‌ಗೆ ತಿಳಿಸು.

ಎಂದೆಂದೂ ನಿನ್ನವನೇ ಆದ,
ಟಾರ್ಕಿಲ್

ಮರೆತದ್ದಲ್ಲ, ಮುಚ್ಚಿಟ್ಟದ್ದು: ನಾನು ನಿದ್ದೆಯಲ್ಲಿರಲಿಲ್ಲ. ನಾಯಿಗಳು ಬೊಗಳುತ್ತಾ ಹತ್ತಿರ ಬಂದಾಗ ಟೋಪಿ ತೆಗೆದು ಡೂಗಲ್‌ನ ತಲೆಗಿಟ್ಟದ್ದು ನಾನೇ. ಅವನು ನಕ್ಕು, "ಬಿಗಿ ಆಯ್ತು ಕಣೋ, ನಿನ್ನ ತಲೆ ಮೊದಲಿಂದ್ಲೂ ಸಣ್ಣದೇ" ಎಂದು ಓಡಿದ.